ಬ್ರೋಡಿಯ ಗಂಟುಗಳು

ಪಾತ್ರೆ ತೊಳೆವ ಪ್ಲಾಸ್ಟಿಕ್ ಟಬ್ಬಿನಲ್ಲಿ
ಎರಡು ಬೆರಳಾಳ ಉಗುರುಬೆಚ್ಚಗಿನ ನೀರು.
ಹೊರಗೆ ಡಂಡೀ ಊರಿಗೆ ನವೆಂಬರ್,
ಮಧ್ಯಾಹ್ನ ಮೂರೂವರೆಗೇ ದೀಪ ಹಚ್ಚಿಕೊಂಡ
ಟೇ ನದಿಯ ಸೇತುವೆ.
ಬ್ರೋಡಿಯನ್ನು ಅಂಗೈಮೇಲೆ ತೇಲಿಬಿಟ್ಟು
ಹೊಟ್ಟೆ ಸವರುತ್ತಿದ್ದಾಗ ಸಿಕ್ಕಿತು
ಎಡತೊಡೆಯ ಸಂದಿಯಲ್ಲಿ
ಹೆಸರುಕಾಳಿನಷ್ಟು ಒಂದು ಗಂಟು.

ಕಣ್ಣಿಗೆ ಕಂಡಿದ್ದಲ್ಲ, ಬೆರಳಿಗೆ.
ನನ್ನ ಬೆರಳು ಸುಳ್ಳು ಹೇಳುವುದಿಲ್ಲ.
ಹದಿನಾರಕ್ಕೇ ಸೆಣಬಿನ ಗಿರಣಿ ಸೇರಿದವಳು ನಾನು,
ಮಗ್ಗದಿಂದ ಇಳಿದ ಬಟ್ಟೆಯ ಮೇಲೆ ಕೈಯಾಡಿಸಿ
ಗಂಟು ಹುಡುಕುವುದೇ ಹೊಟ್ಟೆಪಾಡು,
ಇಪ್ಪತ್ತೆರಡು ವರ್ಷ.
ಚಿಕ್ಕದಾದರೆ ಚಿಮಟಿಗೆಯಲ್ಲಿ ಕಿತ್ತು ಉಜ್ಜು,
ದೊಡ್ಡದಾದರೆ ಬಿಚ್ಚು, ಮತ್ತೆ ಹೆಣೆ.
ಕೆಲವನ್ನು ಮಾತ್ರ ಮುಟ್ಟಬೇಡ ಎಂದಿದ್ದಳು
ಮೇಸ್ತ್ರಿ ನೆಟ್ಟಾ ಕ್ರುಕ್‌ಶ್ಯಾಂಕ್,
ಇಡೀ ಥಾನು ಆ ಗಂಟಿನ ಮೇಲೇ ನಿಂತಿರುತ್ತದೆ.

ಹನ್ನೊಂದು ವರ್ಷದ ಗಡ್ಡದ ಓತಿ ಇವನು.
ಮೇಲ್ಮನೆಯ ಹುಡುಗ ಬಾಡಿಗೆ ಮುಳುಗಿಸಿ ಓಡಿದ ರಾತ್ರಿ
ಬೂಟಿನ ಡಬ್ಬಿಯಲ್ಲಿ ನನ್ನ ಬಾಗಿಲಿಗೆ ಬಿಟ್ಟುಹೋದ ಆಸ್ತಿ.
ಜೊತೆಗೊಂದು ಚೀಟಿ: ಬಿಸಿಲು ಬೇಕು. ಹುಳ ತಿನ್ನುತ್ತೆ.
ಬಿಸಿಲು! ಈ ಊರಲ್ಲಿ!
ಅಂದಿನಿಂದ ಕರೆಂಟ್ ಮೀಟರಿನ ಕಾರ್ಡಿಗೆ ದುಡ್ಡು ತುಂಬಿಸಿ
ದಿನಕ್ಕೆ ಹತ್ತು ಗಂಟೆ ಬಿಸಿಲು ಕೊಂಡು ತರುತ್ತಿದ್ದೇನೆ.
ನಾನು ಸ್ವೆಟರಿನ ಮೇಲೆ ಸ್ವೆಟರು ತೊಟ್ಟು ಕೂತಿರುತ್ತೇನೆ,
ಅವನು ಬಲ್ಬಿನಡಿ ಬಾಯ್ತೆರೆದು ಮಲಗಿರುತ್ತಾನೆ,
ಮರುಭೂಮಿಯ ಜಮೀನ್ದಾರ.

ಕ್ರಿಸ್‌ಮಸ್ಸಿಗೆ ಎರಡಾದವು. ಫೆಬ್ರವರಿಗೆ ನಾಲ್ಕು.
ತೊಡೆಸಂದಿ, ಗದ್ದದಡಿ, ಬಾಲದ ಬುಡ,
ಇನ್ನೊಂದು ಪಕ್ಕೆಯಲ್ಲಿ, ಒತ್ತಿದರೆ ಜಾರುವುದಿಲ್ಲ.
ಹೆಣಿಗೆಕಡ್ಡಿಯ ದಪ್ಪ ಅಳೆಯುವ ತೂತಿನ ಪಟ್ಟಿಯನ್ನು
ಒಂದೊಂದರ ಮೇಲೂ ಇಟ್ಟು ಕ್ಯಾಲೆಂಡರಿನಲ್ಲಿ ಬರೆದೆ:
ನಾಲ್ಕು ಮಿಲಿಮೀಟರ್. ನಾಲ್ಕೂವರೆ. ಆರು.
ಆರೂವರೆಯ ತೂತು ಆ ಪಟ್ಟಿಯಲ್ಲಿ ಸವೆದುಹೋಗಿದೆ,
ಅದಕ್ಕೇ ಸುಮ್ಮನೆ 'ಜಾಸ್ತಿ' ಎಂದು ಬರೆದೆ.
ಜಿರಲೆ ಮುಂದಿಟ್ಟರೆ ಮುಖ ತಿರುಗಿಸಿದ.
ಕುಂಬಳ ತುರಿದು ಕೊಟ್ಟರೆ
ನಾಲಿಗೆ ತಾಗಿಸಿ, ನನ್ನ ದಾಕ್ಷಿಣ್ಯಕ್ಕೆ, ಹಿಂದಕ್ಕೆಳೆದ.

ಡಾಕ್ಟರ್ ಇಶಬೆಲ್ ರೆನ್ನಿ
ಕೈ ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟಿದಳು.
ಅದೊಂದಕ್ಕೇ ಅವಳನ್ನು ಮೆಚ್ಚಿದೆ.
ಗದ್ದದಡಿಯದನ್ನು ಕೊರೆದರೆ ಗಿಣ್ಣಿನಂಥ ಗಟ್ಟಿ ಕೀವು.
ಪಕ್ಕೆಯದು ಬೇರೆ ಅಂದಳು, ಒಳಗಿನಿಂದ ಬೆಳೆದದ್ದು.
ಕೊಯ್ಯಬಹುದು. ಮತ್ತು ಬರಿಸಿದರೆ, ಈ ವಯಸ್ಸಿಗೆ,
ಏಳದೆಯೂ ಇರಬಹುದು.
ಖರ್ಚಿನ ಚೀಟಿ ನನ್ನತ್ತ ಸರಿಸಿ ಕಿಟಕಿ ನೋಡಿದಳು.

ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟ ಗಂಟು
ಅದಕ್ಕೆ ಸಾಲುತ್ತಿತ್ತು, ನಿಜ ಹೇಳಬೇಕೆಂದರೆ.
ದುಡ್ಡಿನ ಮಾತಲ್ಲ.
ಬೆರಳು ಇನ್ನೊಮ್ಮೆ ಆ ಪಕ್ಕೆಯ ಮೇಲೆ ಇಟ್ಟೆ,
ಕಣ್ಣು ಮುಚ್ಚಿ, ಹಳೆಯ ರೂಢಿಯಂತೆ.
ಇದನ್ನು ಬಿಡಿ, ಅಂದೆ.

ಗಿರಣಿಯ ಗದ್ದಲದಲ್ಲಿ ಕಿವಿ ಅಲ್ಲೇ ಬಿಟ್ಟುಬಂದವರು ನಾವು,
ಮಾತೆಲ್ಲ ಕೈಸನ್ನೆ, ತುಟಿಯ ಓದು.
ಗಲ್ಲ ಸವರಿದರೆ ಸಾಹೇಬ ಬರುತ್ತಿದ್ದಾನೆ,
ಹೊಟ್ಟೆ ತಟ್ಟಿದರೆ ಇನ್ನೊಬ್ಬಳು ಬಸುರಿ.
ಬ್ರೋಡಿಗೆ ಗೊತ್ತಿರುವುದು ಒಂದೇ ಸನ್ನೆ:
ಮುಂಗಾಲೆತ್ತಿ ಗಾಳಿಯಲ್ಲಿ ನಿಧಾನ ಒಂದು ಸುತ್ತು.
ಅದು ಶರಣಾಗತಿ ಅಂತಾಳೆ ಡಾಕ್ಟರು,
ನೀನು ದೊಡ್ಡವಳು, ನನ್ನನ್ನು ಬಿಡು, ಎಂದು.
ಇರಬಹುದು.
ನಮ್ಮ ಮಗ್ಗದ ಸಾಲಿನಲ್ಲಿ ಅದರರ್ಥ
ನೂಲು ಮುಗಿಯುತ್ತ ಬಂತು, ಸ್ವಲ್ಪ ಇತ್ತ ನೋಡೇ.

ನಿನ್ನೆ ಸಂಜೆ ಬೀಸಿದ, ಎರಡು ಸಲ.
ಮೀಟರಿನಲ್ಲಿ ಒಂದು ಪೌಂಡ್ ಚಿಲ್ಲರೆ ಉಳಿದಿತ್ತು.
ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಮೂಲೆಯಂಗಡಿಗೆ ಹೋಗಿ
ಕಾರ್ಡಿಗೆ ಹತ್ತು ಹಾಕಿಸಿಕೊಂಡು ಬಂದೆ.